ಮಕ್ಕಳ ಮನೆಯ ಹಿತ್ತಿಲಲ್ಲಿ ಮಣ್ಣು ಅಗೆಯುವ ಮುನ್ನ

ಉಡುಪಿ, ಮಂಗಳೂರು ಕಡೆಯಿಂದ ಇಂಗ್ಲೆಂಡಿನ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೆ ಸ್ವಲ್ಪ ದಿನದಲ್ಲೇ ಹೊತ್ತು ಹೋಗುವುದಿಲ್ಲ. ಆರು ತಿಂಗಳ ವೀಸಾ, ಹಿತ್ತಿಲಲ್ಲಿ ಅಂಗೈಯಗಲ ಜಾಗ, ರಾತ್ರಿ ಒಂಬತ್ತಾದರೂ ಆರದ ಬೆಳಕು. ಒಂದು ಮೂಲೆ ಖಾಲಿ ಕಂಡರೆ ಹರಿವೆಯೋ ಬಸಳೆಯೋ ಹಾಕೋಣ ಅಂತ ಅನ್ನಿಸದೆ ಇರುತ್ತದೆಯೇ? ಆದರೆ ಜುಲೈಯಲ್ಲಿ ಹಾಗೆ ಖಾಲಿ ಕಾಣುವ ಮೂಲೆಯ ಅಡಿಯಲ್ಲಿ ಹೂವಿನ ಗಡ್ಡೆಗಳಿರುವ ಸಂಭವವೇ ಹೆಚ್ಚು.

ಇಲ್ಲಿನ ಹಿತ್ತಿಲುಗಳಲ್ಲಿ ಕಾಣುವ ಹಳದಿ ಹೂವಿನ ಗಡ್ಡೆಗಿಡ ಡ್ಯಾಫೊಡಿಲ್ ಮಾರ್ಚ್-ಏಪ್ರಿಲ್‌ನಲ್ಲಿ ಹೂ ಬಿಡುತ್ತದೆ. ಹೂ ಬಾಡಿದ ಮೇಲೂ ಆರು ವಾರದಷ್ಟು ಕಾಲ ಎಲೆ ಮುಟ್ಟಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನೆಲ್ಲ ಗಡ್ಡೆಗೆ ಇಳಿಸುವುದು ಆ ಎಲೆಯೇ. ಜೂನ್ ಕಳೆಯುವಷ್ಟರಲ್ಲಿ ಎಲೆ ಹಳದಿಯಾಗಿ ಒಣಗಿ ಹೋಗುತ್ತದೆ, ಮೇಲೆ ಗುರುತೇ ಉಳಿಯುವುದಿಲ್ಲ. ಗಡ್ಡೆ ಇರುವುದು 10ರಿಂದ 15 ಸೆಂಟಿಮೀಟರ್ ಆಳದಲ್ಲಿ. ಸ್ಪೇಡ್, ಅಂದರೆ ಅಗೆಯುವ ಸಲಿಕೆ, ಒಮ್ಮೆ ಒತ್ತಿದರೆ ಹೋಗಿ ತಾಗುವುದೂ ಅಲ್ಲಿಗೇ.

ನಮ್ಮಮ್ಮ ಬಂದಿದ್ದಾಗ ಹೀಗೇ ಆಯಿತು. ಹರಿವೆ ಪಟ್ಟಿಗೆಂದು ಅಗೆಯುತ್ತಿದ್ದವರು ಒಳಗೆ ಓಡಿ ಬಂದರು. "ಅಯ್ಯೋ ಮಗಾ, ನೀನು ನೀರುಳ್ಳಿ ನೆಟ್ಟಿದ್ದೆಯಾ? ಎಲ್ಲ ತುಂಡಾಯ್ತಲ್ಲ!" ನೋಡಿದರೆ ನಾಲ್ಕಾರು ಡ್ಯಾಫೊಡಿಲ್ ಗಡ್ಡೆಗಳು ಉದ್ದಕ್ಕೆ ಸೀಳಿಹೋಗಿದ್ದವು. ಹೊರಗೆ ಕಂದು ಸಿಪ್ಪೆ, ಒಳಗೆ ಒಂದರ ಮೇಲೊಂದು ಬಿಳಿ ಪದರ, ನಡುವೆ ಎಳೆ ಹಳದಿ ಮೊಳಕೆ. ಮುಂದಿನ ವಸಂತದ ಹೂ ಇಷ್ಟು ಬೇಗನೇ ಒಳಗೆ ರೂಪುಗೊಳ್ಳತೊಡಗಿರುತ್ತದೆ. ಬುಡದಲ್ಲಿ ಬಿಲ್ಲೆಯಂಥ ಗಟ್ಟಿ ಭಾಗ, ಅದಕ್ಕೆ ಅಂಟಿಕೊಂಡ ಒಣ ಬೇರು. ಸೀಳಿದ ಕಡೆಯಿಂದ ಲೋಳೆ ಒಸರುತ್ತಿತ್ತು.

ಆ ಲೋಳೆಯ ವಿಷಯ ಹೇಳಲೇಬೇಕು. ಸಂಜೆಯೊಳಗೆ ಅಮ್ಮನ ಬೆರಳ ಸಂದಿಯೆಲ್ಲ ತುರಿಕೆ. ಪತ್ರೊಡೆಗೆ ಕೆಸುವಿನೆಲೆ ಹೆಚ್ಚಿದವರಿಗೆ ಗೊತ್ತಿರುವ ತುರಿಕೆಯೇ ಅದು, ಕಾರಣವೂ ಒಂದೇ: ಎರಡರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಮ್ಮ ಹುಣಸೆಹುಳಿ ಹಚ್ಚಿಕೊಂಡರು. ಆದರೆ ಕೆಸುವನ್ನು ಹುಳಿ ಹಾಕಿ ಬೇಯಿಸಿ ತಿನ್ನುತ್ತೇವೆ, ಇದನ್ನು ಹೇಗೆ ಬೇಯಿಸಿದರೂ ತಿನ್ನುವಂತಿಲ್ಲ. ಇದರಲ್ಲಿ ಲೈಕೊರಿನ್ ಎಂಬ ವಿಷವಿದೆ, ಹೊಟ್ಟೆಗೆ ಹೋದರೆ ವಾಂತಿ. ಡ್ಯಾಫೊಡಿಲ್‌ಗಳನ್ನು ತರಕಾರಿಯ ಹತ್ತಿರ ಇಡಬೇಡಿ ಎಂದು 2015ರಲ್ಲಿ ಇಲ್ಲಿನ ಆರೋಗ್ಯ ಇಲಾಖೆ ಸೂಪರ್ ಮಾರ್ಕೆಟ್‌ಗಳಿಗೇ ಹೇಳಬೇಕಾಯಿತು. ಹಾಗಾಗಿ ಅಗೆದಾಗ ಸಿಕ್ಕ ಗಡ್ಡೆಯನ್ನು ದಯವಿಟ್ಟು ಅಡುಗೆಮನೆಗೆ ತರಬೇಡಿ, ನೀರುಳ್ಳಿ ಬುಟ್ಟಿಯ ಹತ್ತಿರವಂತೂ ಬೇಡವೇ ಬೇಡ.

ನಾನು ಚೂರುಗಳನ್ನು ಕಸದ ಡಬ್ಬಿಗೆ ಹಾಕಲು ಹೊರಟಾಗ ಅಮ್ಮ ತಡೆದರು. "ಸುವರ್ಣಗಡ್ಡೆಯನ್ನು ನಾವು ಬೇಕಂತಲೇ ತುಂಡು ಮಾಡಿ ನೆಡುವುದಲ್ವಾ? ಸಗಣಿ ನೀರಿಗೆ ಅದ್ದಿ, ನೆರಳಲ್ಲಿ ಒಣಗಿಸಿ. ಇದಕ್ಕೂ ಹಾಗೇ ಆಗಬಹುದು." ಅಮ್ಮ ಹೇಳಿದ್ದು ಸರಿಯೇ ಇತ್ತು. ಇಲ್ಲಿನ ಬೆಳೆಗಾರರು ಡ್ಯಾಫೊಡಿಲ್, ಬಿಳಿ ಹೂವಿನ ಸ್ನೋಡ್ರಾಪ್ ಗಡ್ಡೆಗಳನ್ನು ಇದೇ ಬೇಸಿಗೆಯಲ್ಲಿ ಕೊಯ್ದು ಸಸಿ ಮಾಡುತ್ತಾರೆ; ಒಂದು ಗಡ್ಡೆಯನ್ನು 8ರಿಂದ 16 ಹೋಳು ಮಾಡುವುದೂ ಉಂಟು. ವ್ಯತ್ಯಾಸ ಇಷ್ಟೇ: ಸುವರ್ಣಗಡ್ಡೆಯಲ್ಲಿ ಮೇಲಿನ ಕಣ್ಣು ನೋಡಬೇಕು, ಇದರಲ್ಲಿ ಬುಡದ ಬಿಲ್ಲೆ. ಹೋಳಿಗೆ ಬಿಲ್ಲೆಯ ಚೂರು ಅಂಟಿಕೊಂಡಿದ್ದರೆ ಆಸೆ ಇದೆ. ಬಿಲ್ಲೆ ಇಲ್ಲದ್ದನ್ನು ಬಿಟ್ಟುಬಿಡಿ.

ಜಜ್ಜಿದ ಅಂಚನ್ನು ಚೂಪಾದ ಚಾಕುವಿನಿಂದ ನೀಟಾಗಿ ಕತ್ತರಿಸಿ, ಶಿಲೀಂಧ್ರನಾಶಕ ಸವರಿ, ಒದ್ದೆ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರು) ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕತ್ತಲಲ್ಲಿ ಇಟ್ಟೆವು. 20 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗ, ಸುಮಾರು 12 ವಾರ. ಕೆಲವು ಮೆತ್ತಗಾಗಿ ಕೊಳೆತವು, ಕೊಳೆತದ್ದನ್ನು ಕೂಡಲೇ ತೆಗೆಯದಿದ್ದರೆ ಪಕ್ಕದ್ದೂ ಹೋಗುತ್ತದೆ. ಉಳಿದವುಗಳಲ್ಲಿ ಪದರಗಳ ನಡುವೆ, ಬಿಲ್ಲೆಗೆ ತಾಗಿಕೊಂಡು, ಪುಟ್ಟ ಬಿಳಿ ಗಡ್ಡೆಗಳು ಎದ್ದಿದ್ದವು. ಅಮ್ಮ ಅಷ್ಟರಲ್ಲಿ ಉಡುಪಿಗೆ ಮರಳಿದ್ದರು, ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. ಹೂವಿಗೆ ಇನ್ನೂ ಎರಡು ಮೂರು ವರ್ಷ ಬೇಕು. ಟ್ಯೂಲಿಪ್‌ಗೆ ಮಾತ್ರ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಅಲ್ಲಿ ಗಡ್ಡೆ ತುಂಡಾಗದಂತೆ ನೋಡಿಕೊಳ್ಳುವುದೇ ದಾರಿ.

ಹಾಗೆ ನೋಡಿಕೊಳ್ಳಲು ನನಗೆ ಮೆಚ್ಚುಗೆಯಾದ ಉಪಾಯವೊಂದಿದೆ: ಗಡ್ಡೆ ನೆಡುವಾಗ ಸುತ್ತ ಮಸ್ಕಾರಿ ಎಂಬ ನೀಲಿ ಹೂವಿನ ಸಣ್ಣ ಗಡ್ಡೆಗಳನ್ನೂ ನೆಡುವುದು. ಉಳಿದದ್ದೆಲ್ಲ ಮಣ್ಣಿನೊಳಗಿರುವಾಗ ಶರತ್ಕಾಲದಲ್ಲೇ ಅದರ ಎಲೆ ಮೇಲೆ ಬರುತ್ತದೆ, ಇಲ್ಲಿ ಅಗೆಯಬೇಡಿ ಅನ್ನುವುದಕ್ಕೆ ಅದೇ ಗುರುತು. ಬೇಸಿಗೆಯಲ್ಲಿ ಅದೂ ಕಾಣದು, ಆಗ ಕಡ್ಡಿಯನ್ನೇ ನೆಡಬೇಕು. ಸ್ಪೇಡ್ ಬದಲು ಹಲ್ಲಿರುವ ಫೋರ್ಕ್ ಬಳಸಿದರೆ ಗಡ್ಡೆ ತುಂಡಾಗುವುದು ಕಡಿಮೆ.

ಊರಲ್ಲಿ ನಮ್ಮ ಅಂಗಳದ ಮೇ ಫ್ಲವರ್ ಗಡ್ಡೆಗಳದ್ದೂ ಇದೇ ಕಥೆ. ಚಳಿಗಾಲದಲ್ಲಿ ಎಲೆ ಒಣಗಿ ಮಾಯ, ಮೇ ತಿಂಗಳ ಮೊದಲ ಮಳೆಗೆ ಕೆಂಪು ಚೆಂಡು. ನಡುವಿನ ತಿಂಗಳುಗಳಲ್ಲಿ ಕೆಲಸದವರ ಹಾರೆ ಎಷ್ಟು ಗಡ್ಡೆಗಳನ್ನು ತುಂಡು ಮಾಡುತ್ತದೋ. ಅಮ್ಮ ಈ ಸಲ ಊರಿಗೆ ಹೋದವರೇ ಹಂಚಿನ ಚೂರುಗಳನ್ನು ಸುತ್ತ ಹುಗಿದಿದ್ದಾರೆ. ನಿಮ್ಮ ಅಂಗಳದಲ್ಲೂ ಮೇ ಫ್ಲವರ್ ಇದ್ದರೆ ಎಲೆ ಪೂರ್ತಿ ಒಣಗುವ ಮೊದಲೇ ಗುರುತು ಹಾಕಿಡಿ.