ಲೆಕ್ಕದಲ್ಲಿ ಇಲ್ಲದ ಮುದ್ದೆ

1994ರ ಜುಲೈನಲ್ಲಿ ಒಂದು ಟ್ರಂಕು, ಒಂದು ಚೀಲ ರಾಗಿಹಿಟ್ಟು ಹಿಡಿದುಕೊಂಡು ಚಾಮರಾಜನಗರದ ರೈಲಿನಲ್ಲಿ ಮೈಸೂರಿಗೆ ಬಂದೆ. ಆಗಿನ್ನೂ ನಮ್ಮದು ಮೈಸೂರು ಜಿಲ್ಲೆಯೇ. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ನಾನು ಬಿ.ಎ. ಮುಗಿಸಿದ ವರ್ಷ. ಮೀಟರ್ ಗೇಜ್ ರೈಲು. ನಂಜನಗೂಡಿನ ಹಳೇ ಸೇತುವೆ ಮೇಲೆ ಅದು ಹೋಗುತ್ತಿದ್ದ ಚಂದಕ್ಕೆ, ಇಳಿದು ನಡೆದರೂ ನಾವೇ ಮೊದಲು ಮುಟ್ಟುತ್ತೇವೆ ಅಂತ ಹುಡುಗರು ತಮಾಷೆ ಮಾಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಜನ ಪಾಸ್ ಮಾಡಿಸಿಕೊಂಡು ದಿನಾ ಇದರಲ್ಲೇ ಓಡಾಡಿ ಡಿಗ್ರಿ ಮುಗಿಸಿದ್ದಾರೆ. ನಮ್ಮ ಹಳ್ಳಿಯಿಂದ ಸ್ಟೇಷನ್ನಿಗೇ ಹನ್ನೊಂದು ಕಿಲೋಮೀಟರ್. ಆ ದಾರಿ ನನಗೆ ಆಗುವಂಥದ್ದಲ್ಲ.

ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೆ. ಲಿಸ್ಟ್ ಬಂತು, ನನ್ನ ಹೆಸರು ಬರಲಿಲ್ಲ. ಮೊದಲ ಎರಡು ತಿಂಗಳು ಚಿಕ್ಕಪ್ಪನ ಷಡ್ಡಕರ ಮನೆಯಲ್ಲಿದ್ದೆ. ಹಾಲು ತರುವವನು ನಾನು, ನ್ಯಾಯಬೆಲೆ ಅಂಗಡಿ ಕ್ಯೂ ನಿಲ್ಲುವವನು ನಾನು. ಅವರು ಕೆಟ್ಟವರೇನಲ್ಲ. ಆದರೆ ನೆಂಟರ ಮನೆಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಆಮೇಲೆ ರೂಮು ಹುಡುಕಲು ಹೊರಟೆ. ಬಾಡಿಗೆ ಎಷ್ಟು ಅಂತ ನಾನು ಕೇಳುವ ಮೊದಲೇ ಅವರು ಕೇಳುತ್ತಿದ್ದರು, "ನೀವು ಯಾವ ಪೈಕಿ?" ಕೆಲವರು ಸುತ್ತಿ ಬಳಸಿ ಕೇಳುತ್ತಿದ್ದರು. ಮನೆದೇವ್ರು ಯಾವುದು, ಅಪ್ಪನ ಹೆಸರೇನು, ಮೊಟ್ಟೆ ಗಿಟ್ಟೆ ತಿಂತೀರಾ. ಉತ್ತರ ಕೇಳಿದ ಮೇಲೆ ನೆನಪಾಗುತ್ತಿತ್ತು, ರೂಮು ನಿನ್ನೆಯೇ ಯಾರಿಗೋ ಮಾತಾಗಿದೆ ಅಂತ. ಒಂದೇ ವಾರದಲ್ಲಿ ಹೀಗೆ ನಾಲ್ಕು ಮನೆ. ನಾಲ್ಕನೇ ಮನೆಯಲ್ಲಂತೂ ಬಾಗಿಲಿಗೆ 'ಬಾಡಿಗೆಗಿದೆ' ಬೋರ್ಡು ತೂಗುತ್ತಲೇ ಇತ್ತು.

ಕೊನೆಗೆ ಸಿಕ್ಕಿದ್ದು ಪಡುವಾರಹಳ್ಳಿ. ಮಾನಸಗಂಗೋತ್ರಿ ಪಕ್ಕದ ಊರು, ಆಗಲೇ ಪೂರಾ ಹುಡುಗರ ರೂಮುಗಳು. ನಮ್ಮದು ದನದ ಕೊಟ್ಟಿಗೆ ಮೇಲೆ ಎಬ್ಬಿಸಿದ್ದ ಶೀಟಿನ ರೂಮು. ಮೂರು ಜನ, ಬಾಡಿಗೆ ಮುನ್ನೂರು. ಬಿಸಿಲಿದ್ದರೆ ಮೇಲಿಂದ ಶೀಟು ಕಾಯುತ್ತಿತ್ತು, ಮಳೆ ಬಂದರೆ ಕೆಳಗಿಂದ ಗಂಜಲದ ವಾಸನೆ. ಆದರೂ ಅಲ್ಲಿ ಸುಖ ಇತ್ತು. ಓನರ್ ಅಮ್ಮ ಯಾವತ್ತೂ ನಮ್ಮ ಜಾತಿ ಕೇಳಲಿಲ್ಲ. ಅವರಿಗೆ ಬೇಕಿದ್ದದ್ದು ಎರಡೇ: ಒಂದನೇ ತಾರೀಕಿಗೆ ಬಾಡಿಗೆ, ಹತ್ತು ಗಂಟೆಗೆ ಲೈಟ್ ಆಫ್. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಪುಸ್ತಕ ಹಿಡಿದು ಓದುತ್ತಾ ನಡೆದು ಕಾಲೇಜಿಗೆ ಬರುತ್ತಿದ್ದೆವು. ಓದುತ್ತಾ ಅಂದೆನಲ್ಲ, ಕೈಯಲ್ಲಿ ಪುಸ್ತಕ ಇರುತ್ತಿತ್ತು ಅಷ್ಟೆ.

ಆ ವರ್ಷ ಮಳೆ ಕೈಕೊಟ್ಟಿತು. ಡಿಸೆಂಬರಿಗೆ ಮನಿಯಾರ್ಡರ್ ನಿಂತಿತು. ನೂರು ರೂಪಾಯಿ ಪಾಲು ಕೊಡಲು ನನ್ನಿಂದ ಆಗಲಿಲ್ಲ. ಊರಿಗೆ ವಾಪಸ್ ಹೋಗುವುದು ಅಂತ ಟ್ರಂಕು ಕಟ್ಟಿದ್ದೆ. ಆಗ ನಮ್ಮ ಪಕ್ಕದೂರಿನ ಸೀನಿಯರ್ ಅಣ್ಣ ಸಿಕ್ಕಿ, "ಊರಿಗೆ ಯಾಕ್ಲಾ ಹೋಯ್ತೀಯ, ನನ್ನ ರೂಮಲ್ಲಿ ಬಿದ್ಕೊ ಬಾ" ಅಂದರು. ಅವರಿದ್ದದ್ದು ನನಗೆ ಸೀಟು ಸಿಗದ ಅದೇ ಹಾಸ್ಟೆಲ್ಲಿನಲ್ಲಿ.

ಹಾಗೆ ನಾನು ಪ್ಯಾರಾಸೈಟ್ ಆದೆ. ಹಾಸ್ಟೆಲ್ಲಲ್ಲಿ ಇದ್ದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಲಿಸ್ಟಲ್ಲಿ ಹೆಸರಿಲ್ಲ, ರೂಮಲ್ಲಿ ಮನುಷ್ಯ ಇದ್ದಾನೆ, ಅವನೇ ಪ್ಯಾರಾಸೈಟ್. ನಾಲ್ಕು ಮಂಚದ ರೂಮಿನಲ್ಲಿ ಎರಡು ಮಂಚದ ನಡುವಿನ ಜಾಗ ನನ್ನದು. ರಾತ್ರಿ ಯಾರಾದರೂ ಎದ್ದರೆ ಮೊದಲು ಕಾಲಿಡುತ್ತಿದ್ದದ್ದು ನನ್ನ ಮೇಲೆ. ತಿಗಣೆಗಳಿಗೆ ಮಾತ್ರ ಲಿಸ್ಟಿನ ಭೇದ ಇರಲಿಲ್ಲ.

ಅಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ. ಹುಣಸೂರು, ಕೊಳ್ಳೇಗಾಲ, ಪಿರಿಯಾಪಟ್ಟಣ ಅಂತಲೇ ಕೂಗುವುದು. "ಲೋ ಕೊಳ್ಳೇಗಾಲ, ಬಕೆಟ್ ಕೊಡೋ." ಒಂದೇ ಊರಿನವರು ಇಬ್ಬರಿದ್ದರೆ ದೊಡ್ಡ ಕೊಳ್ಳೇಗಾಲ, ಚಿಕ್ಕ ಕೊಳ್ಳೇಗಾಲ.

ಉಣ್ಣಲು ತಟ್ಟೆ ಬೇಕಲ್ಲ. ಅಣ್ಣ ಮಂಚದ ಕೆಳಗಿಂದ ಒಂದು ಹಳೇ ಸ್ಟೀಲ್ ತಟ್ಟೆ ಎಳೆದು ಕೊಟ್ಟರು. ಅಂಚು ಒಂದು ಕಡೆ ನಗ್ಗಿತ್ತು. ಹಿಂದೆ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ್ದ ಅಕ್ಷರ: ಸಿ.ಕೆ., ಹುಣಸೂರು. ಯಾವ ಕಾಲದ ಹುಣಸೂರೋ. ಈಗಿನ ಹುಣಸೂರನ್ನು ಕೇಳಿದರೆ "ನಂದಲ್ಲಪ್ಪ" ಅಂದ.

ಮೊದಲ ರಾತ್ರಿ ಸಾಲಿನಲ್ಲಿ ನಿಂತಾಗ ಕೈ ನಡುಗುತ್ತಿತ್ತು. ಊಟದ ಹಾಲ್‌ನಲ್ಲಿ ದೇವರಾಜ ಅರಸು ಫೋಟೊ. ಅರಸು ಕಾಲದಲ್ಲಿ, 1975ರ ಹಾವನೂರು ವರದಿ ಆದಮೇಲೆ, ಹಿಂದುಳಿದ ವರ್ಗಕ್ಕೆ ಮೀಸಲಾತಿ ಬಂದದ್ದನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಈಗ ಅದೇ ಫೋಟೊದ ಕೆಳಗೆ ಕಳ್ಳನ ಹಾಗೆ ತಟ್ಟೆ ಹಿಡಿದು ನಿಂತಿದ್ದೆ. ಅಡುಗೆ ಅಣ್ಣ ಟಿ. ನರಸೀಪುರದ ಕಡೆಯವರು. ನನ್ನ ಮುಖ ನೋಡಿದರು, ತಟ್ಟೆ ನೋಡಿದರು. ಒಂದು ಮುದ್ದೆ ಹಾಕಿ, ಬಸ್ಸಾರು ಸುರಿದು, "ಮುಂದಕ್ಕೆ ಹೋಗು, ಹಿಂದೆ ಜನ ಅವ್ರೆ" ಅಂದರು. ಅಷ್ಟೇ. ಆ ಮುದ್ದೆ ಎಲ್ಲಿಂದ ಬರುತ್ತಿತ್ತು ಅಂತ ಆಮೇಲೆ ತಿಳಿಯಿತು. ಅವರು ಮುದ್ದೆ ಕಟ್ಟುವಾಗ ಎಲ್ಲವನ್ನೂ ಸ್ವಲ್ಪ ಚಿಕ್ಕದು ಮಾಡುತ್ತಿದ್ದರು. ಲಿಸ್ಟಲ್ಲಿ ಎಪ್ಪತ್ತೈದು ಹುಡುಗರು, ಹಾಸಿದ ಬಟ್ಟೆ ಮೇಲೆ ಎಂಬತ್ತೈದು ಮುದ್ದೆ. ಎಪ್ಪತ್ತೈದು ಜನಕ್ಕೂ ಇದು ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಸಾರು ನೀರಾಗಿದೆ ಅಂತ ಜಗಳ ಆಡುತ್ತಿದ್ದರು, ಮುದ್ದೆ ಚಿಕ್ಕದು ಅಂತ ಯಾರೂ ಆಡಲಿಲ್ಲ.

ವಾರ್ಡನ್ ರಾತ್ರಿ ರೌಂಡ್ಸ್ ಬಂದರೆ ಗೇಟಿನ ಹತ್ತಿರದ ರೂಮಿನವನು "ನಂಜನಗೂಡು ಬಸ್ ಬಂತು!" ಅಂತ ಕಿರುಚುತ್ತಿದ್ದ. ನಾವು ಹತ್ತು ಜನ ಹಾಸಿಗೆ ಸುತ್ತಿಕೊಂಡು ತಾರಸಿಗೆ ಓಡಿ ಸಿಂಟೆಕ್ಸ್ ಟ್ಯಾಂಕ್ ಹಿಂದೆ ಕೂರುತ್ತಿದ್ದೆವು. ಅಲ್ಲಿಂದ ಚಾಮುಂಡಿಬೆಟ್ಟದ ದೀಪ ಕಾಣುತ್ತಿತ್ತು. ಒಂದು ಸಲ ಮೆಟ್ಟಿಲ ತನಕ ಬಂದ ವಾರ್ಡನ್, "ಮೇಲೆ ಚಳಿ ಇದೆ, ಮಫ್ಲರ್ ಹಾಕ್ಕೊಳ್ರೋ" ಅಂತ ಕೆಳಗಿಂದಲೇ ಹೇಳಿ ಹೋದರು. ನಮ್ಮ ಇಡೀ ಸಿಐಡಿ ಕೆಲಸ ಅವತ್ತಿಗೆ ನೀರಲ್ಲಿ ಹೋಮ.

ಮೈಸೂರಿಗೆ ಇದೇನು ಹೊಸದಲ್ಲ. ವಾರಕ್ಕೆ ಏಳು ಮನೆ ಹಿಡಿದು ವಾರಾನ್ನ ಉಂಡು ಓದಿದವರ ಊರು ಇದು. ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಬಡ ಹುಡುಗರಿಗಾಗಿ ಅನಾಥಾಲಯ ನಡೆಸಿದರು. ಕುವೆಂಪು ಸುಮಾರು ಹತ್ತು ವರ್ಷ ಇದ್ದದ್ದು ರಾಮಕೃಷ್ಣಾಶ್ರಮದಲ್ಲಿ. ಸುತ್ತೂರು ಮಠದವರು ಉಚಿತ ಹಾಸ್ಟೆಲ್ ನಡೆಸಿಕೊಂಡು ಬಂದಿದ್ದಾರೆ. ಯಾರದೋ ಜಗಲಿ, ಯಾರದೋ ಅನ್ನ ಸಿಕ್ಕಿ ಓದಿದವರೇ ಇಲ್ಲಿ ಜಾಸ್ತಿ.

ನನ್ನ ಕ್ಲಾಸಿನ ಹುಡುಗಿಯರಿಗೆ ಟ್ಯಾಂಕ್ ಹಿಂದಿನ ಜಾಗವೂ ಇರಲಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಹಾಸ್ಟೆಲ್ ಸಿಗದಿದ್ದರೆ ಅವರು ಓದು ಬಿಟ್ಟು ಊರಿಗೆ ಹೋಗುತ್ತಿದ್ದರು. ನಮ್ಮ ಸೆಕ್ಷನ್ನಿನಲ್ಲೇ ಇಬ್ಬರು ಹಾಗೆ ಹೋದರು.

ಎರಡನೇ ವರ್ಷ ಲಿಸ್ಟಲ್ಲಿ ನನ್ನ ಹೆಸರು ಬಂತು. ಓಡಿ ಹೋಗಿ ಅಡುಗೆ ಅಣ್ಣನಿಗೆ ಹೇಳಿದೆ. ಅವರು ತೊಳಸುವುದನ್ನು ನಿಲ್ಲಿಸಲೇ ಇಲ್ಲ. "ಸರಿ ಬಿಡು, ಇವತ್ತಿಂದ ನೀನೂ ಲೆಕ್ಕಕ್ಕೆ ಬಂದೆ. ಮುದ್ದೆ ಮಾತ್ರ ದೊಡ್ದಾಗಲ್ಲ" ಅಂದರು.

ಹೋದ ವರ್ಷ ಮಗಳಿಗೆ ಜಾಗ ನೋಡಲು ಪಡುವಾರಹಳ್ಳಿಗೆ ಹೋಗಿದ್ದೆ. ಕೊಟ್ಟಿಗೆ ಇದ್ದ ಕಡೆ ನಾಲ್ಕಂತಸ್ತಿನ ಪಿಜಿ. ವೈಫೈ, ವಾಷಿಂಗ್ ಮೆಷಿನ್, ಬಿಸಿನೀರು. ಓನರ್ ಆಧಾರ್ ಕಾರ್ಡ್ ಕೇಳಿದರು. ಹೆಸರು ಓದಿ ಒಂದು ಕ್ಷಣ ತಡೆದು, "ನೀವು ಯಾವ ಕಡೆಯವರು ಸರ್?" ಅಂದರು. ಆ ತಡೆ ನನಗೆ ಚೆನ್ನಾಗಿ ಗೊತ್ತು. ಈಗ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿ. ಪಿಜಿ ಬಾಡಿಗೆ ಕಟ್ಟಲು ಅದು ಸಾಲದು, ನಿಜ. ಆದರೂ ಅರ್ಜಿ ಹಾಕದೆ ಬಿಡಬೇಡಿ. ನನ್ನ ಕಾಲಕ್ಕೆ ಅದಿದ್ದಿದ್ದರೆ ಟ್ರಂಕು ಕಟ್ಟುತ್ತಿರಲಿಲ್ಲ.

1997ರಲ್ಲಿ ಹಾಸ್ಟೆಲ್ ಬಿಡುವ ದಿನ ನನ್ನ ಮಂಚದ ಪಕ್ಕದ ನೆಲದ ಮೇಲೆ ಹನೂರಿನ ಹುಡುಗ ಇದ್ದ. ಬಂದು ಮೂರು ದಿನ ಆಗಿತ್ತು, ಇನ್ನೂ ಬೆದರಿದ ಕಣ್ಣು. ತಟ್ಟೆ ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ.

"ಸಿ.ಕೆ. ಅಂದ್ರೆ ಯಾರಣ್ಣ?"

"ನಂಗೂ ಗೊತ್ತಿಲ್ಲ ಕನಪ್ಪ."

ಅಷ್ಟರಲ್ಲಿ ಕೆಳಗೆ ಊಟದ ಗಂಟೆ ಹೊಡೆಯಿತು. ಹುಡುಗ ತಟ್ಟೆ ತೊಳೆಯಲು ನಲ್ಲಿ ಕಡೆ ಓಡಿದ.