ಮೊದಲು ಬುಷ್, ಆಮೇಲೆ ಅಲೈನ್‌ಮೆಂಟ್

ನಮ್ಮ ಮನೆಯ ಮಾರುತಿ 800 2001ರ ಗಾಡಿ. ಹದಿನೈದು ವರ್ಷದ ನೋಂದಣಿ ಎಂದೋ ಮುಗಿದು, ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡುತ್ತಿದೆ. ಮೂಡಿಗೆರೆ ಸುತ್ತಲಿನ ತೋಟದ ರಸ್ತೆಗಳಿಗೆ ಇದಕ್ಕಿಂತ ಒಗ್ಗುವ ಕಾರು ನಾನು ಕಂಡಿಲ್ಲ. ಆದರೆ ಈ ಮಳೆಗಾಲ ಕಳೆಯುವ ಹೊತ್ತಿಗೆ ಬ್ರೇಕ್ ಒತ್ತಿದಾಗಲೆಲ್ಲ ಎಡಕ್ಕೆ ಎಳೆಯತೊಡಗಿತು. ಹಂಪ್ ಇಳಿಯುವಾಗ ಮುಂಭಾಗದಲ್ಲಿ ಟಕ್ ಎಂಬ ಸದ್ದು ಬೇರೆ. ಚಾರ್ಮಾಡಿಯ ತಿರುವುಗಳಲ್ಲಿ ಇಂಥ ಎಳೆತವನ್ನು ಇಟ್ಟುಕೊಂಡು ಇಳಿಯುವಂತಿಲ್ಲ.

ಎಳೆತ ಎಂದೊಡನೆ ಎಲ್ಲರೂ ಹೇಳುವುದು ಒಂದೇ, ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸಿ ಎಂದು. ಪೇಟೆಯ ಟೈರ್ ಅಂಗಡಿಯೊಂದರಲ್ಲಿ ಚಕ್ರಗಳಿಗೆ ಯಂತ್ರ ಸಿಕ್ಕಿಸಿ, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತಿರುಗಿಸಿ, ಪರದೆ ಹಸಿರಾದೊಡನೆ ಬಿಲ್ ಕೈಗಿಟ್ಟರು. ಗಾಡಿಯ ಅಡಿಗೆ ಒಬ್ಬರೂ ಬಗ್ಗಿ ನೋಡಲಿಲ್ಲ. ವಾರ ತುಂಬುವುದರೊಳಗೆ ಎಳೆತ ಮತ್ತೆ ಶುರುವಾಯಿತು. ಹಳೆಯ ಗಾಡಿಯವರ ದುಡ್ಡು ಹೀಗೆ ಪೋಲಾಗುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

800ರ ಮುಂದಿನ ಚಕ್ರಗಳಲ್ಲಿ ಯಂತ್ರದವರು ಸರಿಪಡಿಸಬಹುದಾದದ್ದು ಟೋ ಒಂದನ್ನೇ, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವನ್ನು. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರುವ ಕೋನ), ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಚಕ್ರ ತಿರುಗುವ ಅಕ್ಷ ವಾಲಿರುವ ಕೋನ) ಇವಕ್ಕೆ ಹೊಂದಾಣಿಕೆಯೇ ಇಲ್ಲ. ಅವು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಕಂಬ), ಆರ್ಮ್ (ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕೆಳಗಿನ ತೋಳು), ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್) ಇವು ಸರಿಯಾಗಿದ್ದರೆ ತಾವಾಗಿಯೇ ಸರಿಯಿರುತ್ತವೆ. ಅವುಗಳ ಅಂಕಿ ಎಡಕ್ಕೊಂದು ಬಲಕ್ಕೊಂದು ಬಂದರೆ ಏನೋ ಸವೆದಿದೆ ಅಥವಾ ಬಾಗಿದೆ ಎಂದೇ ಅರ್ಥ. ಅದರಲ್ಲೂ ಈ ಕಾರಿನ ಲೋವರ್ ಆರ್ಮ್ ಒಳತುದಿಯಲ್ಲಿ ಒಂದೇ ಬೋಲ್ಟಿನ ಮೇಲೆ ನಿಂತಿದೆ. ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿದಿರುವುದು ಸ್ಟೆಬಿಲೈಜರ್ ಬಾರ್ ಎಂಬ ಅಡ್ಡ ಸರಳು. ಅದರ ತುದಿಯ ರಬ್ಬರ್ ಹೋದರೆ ಬ್ರೇಕ್ ಒತ್ತಿದಾಗ ಆ ಬದಿಯ ಚಕ್ರ ಹಿಂದಕ್ಕೆ ಜಾರಿ, ಕ್ಯಾಸ್ಟರ್ ಕಡಿಮೆಯಾಗಿ, ಗಾಡಿ ಅತ್ತ ವಾಲುತ್ತದೆ. ಯಂತ್ರ ಅಳೆಯುವುದು ನಿಂತ ಗಾಡಿಯನ್ನು. ಬ್ರೇಕ್ ಬಿದ್ದ ಕ್ಷಣದಲ್ಲಿ ಚಕ್ರ ಎಲ್ಲಿಗೆ ಹೋಯಿತೆಂದು ಅದಕ್ಕೆ ಹೇಗೆ ತಿಳಿಯಬೇಕು?

ನಮ್ಮ ಗ್ಯಾರೇಜಿನ ಭಾಯ್ ಮೊದಲು ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಭಾಗ) ಜಾಮ್ ಆಗಿ ಹಿಡಿದುಕೊಂಡಿಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ಟೈರಿನ ಮೇಲೆ ಅಂಗೈ ಸವರಿ ನನ್ನನ್ನೂ ಮುಟ್ಟಿ ನೋಡಲು ಹೇಳಿದರು. ಒಳಗಿನಿಂದ ಹೊರಕ್ಕೆ ನುಣುಪು, ಹೊರಗಿನಿಂದ ಒಳಕ್ಕೆ ಗರಗಸದ ಹಲ್ಲಿನಂತೆ ಚುಚ್ಚು. ಟೋ ಕೆಟ್ಟಿರುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ನಾನು ಹಿಂದಕ್ಕೆ ಮುಂದಕ್ಕೆ ನೂಕಿದೆ. ಕೆಳಗಿನಿಂದ ಟಾರ್ಚ್ ಬಿಟ್ಟು ನೋಡುತ್ತಿದ್ದ ಭಾಯ್ "ಸಿಕ್ಕಿತು ಸಾರ್" ಎಂದರು. ಎಡಬದಿಯ ಬಾರ್ ತುದಿ ಆರ್ಮಿನ ತೂತಿನಲ್ಲಿ ಕಣ್ಣಿಗೆ ಕಾಣುವಷ್ಟು ಸರಿದಾಡುತ್ತಿತ್ತು. ಬಿಚ್ಚಿ ತೆಗೆದ ರಬ್ಬರ್ ಉಬ್ಬಿ, ಮೆತ್ತಗಾಗಿ, ಉಗುರಿಗೆ ಎದ್ದು ಬರುತ್ತಿತ್ತು. ನಡುವಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ವಾಟರ್ ವಾಶ್ ಮುಗಿದ ಮೇಲೆ ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆಲ್ಲ ಡೀಸೆಲ್ ಸಿಂಪಡಿಸುವ ರೂಢಿಯಿದೆಯಲ್ಲ, ರಬ್ಬರನ್ನು ಹೀಗೆ ತಿನ್ನುವುದು ಅದೇ. ದಯವಿಟ್ಟು ಬೇಡವೆನ್ನಿ. ಬುಷ್ ಕೂರಿಸುವಾಗ ಜಾರಲೆಂದು ಗ್ರೀಸ್ ಹಚ್ಚುವುದೂ ಅಂಥದ್ದೇ ಕೆಲಸ. ಭಾಯ್ ಸೋಪಿನ ನೀರು ಹಚ್ಚಿದರು. ಆರ್ಮಿನ ಒಳತುದಿಯ ಬುಷ್‌ಗಳನ್ನು ಸುತ್ತಿಗೆಯಲ್ಲಿ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿಸಿ ತಂದರು. ಎಡದ್ದು ಮಾತ್ರ ಹೋಗಿದ್ದರೂ ಎರಡೂ ಬದಿ ಬದಲಿಸಿದೆವು.

ಇಡೀ ಕೆಲಸದಲ್ಲಿ ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಕೊನೆಯ ಬಿಗಿತದ ಹೊತ್ತಿನಲ್ಲಿ. ಗಾಡಿ ಜಾಕಿನ ಮೇಲಿದ್ದಾಗ ಆರ್ಮಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟರು. "ಗಾಡಿ ನೆಲಕ್ಕೆ ಕೂರಲಿ ಸಾರ್, ಆಮೇಲೆ ಬಿಗಿಯೋಣ." ಈ ಬುಷ್‌ನಲ್ಲಿ ಒಳಕೊಳವೆಗೂ ಹೊರಕೊಳವೆಗೂ ರಬ್ಬರ್ ಅಂಟಿಕೊಂಡಿರುತ್ತದೆ. ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗಲೇ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ನಿಂತಲ್ಲೂ ಅದಕ್ಕೆ ಬಿಡುವಿಲ್ಲ, ಹೊಂಡ ಬಿದ್ದಾಗ ಇನ್ನಷ್ಟು ತಿರುಚಿ ಬೇಗ ಹರಿಯುತ್ತದೆ. ಹೊಸ ಬುಷ್ ಬಾಳಲಿಲ್ಲ, ಮಾಲು ಸರಿಯಿಲ್ಲ ಎಂದು ಬೈಯುವ ಮೊದಲು ಅದನ್ನು ಹೇಗೆ ಬಿಗಿದಿದ್ದರೆಂದು ಕೇಳಬೇಕು.

ಅಲೈನ್‌ಮೆಂಟ್ ಆದದ್ದು ಇಷ್ಟೆಲ್ಲ ಮುಗಿದ ಮೇಲೆ, ಬೇರೆ ಅಂಗಡಿಯಲ್ಲಿ. ಟೈರಿನ ಗಾಳಿ ಸರಿಮಾಡಿ, ಸ್ಟೇರಿಂಗ್ ನೇರಕ್ಕೆ ಕಟ್ಟಿ, ಎರಡೂ ಟೈ ರಾಡ್‌ಗಳನ್ನು ಸರಿಸಮನಾಗಿ ತಿರುಗಿಸಿದರು. ಒಂದನ್ನೇ ತಿರುಗಿಸಿದರೆ ಟೋ ಕೂಡಿದರೂ ಸ್ಟೇರಿಂಗ್ ಚಕ್ರ ಸೊಟ್ಟಗಾಗುತ್ತದೆ. ಮೊದಲಿನ ಅಂಕಿ, ನಂತರದ ಅಂಕಿ ಎರಡೂ ಇರುವ ಚೀಟಿಯನ್ನು ಕೇಳಿ ಪಡೆದೆ. ಕ್ಯಾಸ್ಟರ್ ಎರಡೂ ಬದಿ ಹೊಂದಿಕೊಂಡಿತ್ತು. ಅದನ್ನು ಸರಿಪಡಿಸಿದ್ದು ಆ ಯಂತ್ರವಲ್ಲ, ಭಾಯ್.

ಈಗ ಬ್ರೇಕ್ ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆ. ಹಿಂದಿನ ಆಕ್ಸಲ್ ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿಯುವ ಲ್ಯಾಟರಲ್ ರಾಡಿನ ಬುಷ್‌ಗಳಲ್ಲೂ ಬಿರುಕು ಕಂಡಿದೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಅವನ್ನೂ ಬದಲಿಸಬೇಕು.