ಅರಸಾಳಿನ ಭಾನುವಾರ, ಆಗುಂಬೆಯ ಸೋಮವಾರ

ಜುಲೈ ತಿಂಗಳ ಒಂದು ಭಾನುವಾರ ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿ ಅರಸಾಳಿನಲ್ಲಿ ಇಳಿದೆ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ತೆಗೆದಾಗ ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ಕಾಡಿನ ನಡುವಿನ ಈ ಪುಟ್ಟ ನಿಲ್ದಾಣವೇ. ಅದರ ಹಳೆಯ ಕಟ್ಟಡವನ್ನು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ನವೀಕರಿಸಿಕೊಟ್ಟಿದ್ದು, 2020ರಿಂದ ಅದು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ.

ಅಲ್ಲಿ ಹೆಗಲಿಗೆ ಚೀಲ ತೂಗುಹಾಕಿಕೊಂಡು ನಿಂತಿದ್ದ ನನ್ನನ್ನು ಕಂಡು, ದಾವಣಗೆರೆ ಕಡೆಯಿಂದ ಬಂದಿದ್ದ ಒಂದು ಕುಟುಂಬದ ಹಿರಿಯರು, “ಜೋಗ ಇಲ್ಲಿಂದ ಹತ್ತಿರ ಆಗುತ್ತೇನ್ರೀ?” ಎಂದು ಕೇಳಿದರು. ಇದೇ ಹಳಿ ತಾಳಗುಪ್ಪದಲ್ಲಿ ಮುಗಿಯುತ್ತದೆ, ಅಲ್ಲಿಂದ ಜೋಗಕ್ಕೆ ಸುಮಾರು ಹದಿನೈದು ಕಿಲೋಮೀಟರ್ ಎಂದೆ. ಅಲ್ಲಿಗೆ ನಿಲ್ಲಲಿಲ್ಲ, ಊಟ ಎಲ್ಲಿ ಸಿಗುತ್ತದೆ, ಧಾರಾವಾಹಿಯ ಮನೆ ಯಾವ ಊರಿನಲ್ಲಿದೆ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬಂತು, ನಾನೂ ಹುರುಪಿನಿಂದ ಉತ್ತರಿಸುತ್ತ ಹೋದೆ. ಹೊರಡುವಾಗ ಅವರು ನನ್ನ ಕೈಗೆ ನೂರು ರೂಪಾಯಿಯ ನೋಟು ಇಡಲು ಬಂದಾಗ ಮೈ ಜುಮ್ಮೆಂದಿತು. ‘ದಿ ಗೈಡ್’ ಕಾದಂಬರಿಯ ರಾಜು ಮಾಲ್ಗುಡಿಯ ನಿಲ್ದಾಣದಲ್ಲಿ ಅಂಗಡಿ ಇಟ್ಟುಕೊಂಡು, ಕೇಳಿದವರಿಗೆಲ್ಲ ದಾರಿ ಹೇಳುತ್ತಲೇ ಗೈಡ್ ಆದವನಲ್ಲವೇ! ನೋಟನ್ನು ಹಿಂದಿರುಗಿಸಿ ಅವರ ಮೊಮ್ಮಗಳಿಗೆ ಆ ಕಥೆಯನ್ನು ಹೇಳಿದೆ.

ರಿಪ್ಪನ್‌ಪೇಟೆ, ತೀರ್ಥಹಳ್ಳಿಗಳಲ್ಲಿ ಬಸ್ಸು ಬದಲಿಸಿ ಆಗುಂಬೆ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರನ್ನು ಶಂಕರ್ ನಾಗ್ ಮಾಲ್ಗುಡಿಯಾಗಿಸಿದರೂ ನಾರಾಯಣರ ಮನಸ್ಸಿನಲ್ಲಿದ್ದ ಊರು ಇದಲ್ಲ. ಅವರು ಸರಯೂ ನದಿಯ ದಡದಲ್ಲಿ ಒಂದು ಕಾಲ್ಪನಿಕ ಪಟ್ಟಣವನ್ನೇ ಕಟ್ಟಿದ್ದರು. ಆದ್ದರಿಂದಲೇ ಮರುದಿನ ನಾನು ಕಂಡದ್ದು ನನಗೆ ಇನ್ನಷ್ಟು ಸೋಜಿಗವೆನಿಸಿತು.

ನಾನು ಉಳಿದಿದ್ದ ಮನೆಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಸೋಮವಾರ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಳಗಿನಿಂದ, “ಅಮ್ಮಾ, ತಲೆ ನೋಯ್ತಿದೆ” ಎಂಬ ಕ್ಷೀಣ ಧ್ವನಿ ಕೇಳಿಸಿತು. ಅಮ್ಮ ಹಣೆ ಮುಟ್ಟಿ, ಇವತ್ತೊಂದು ದಿನ ಮಲಗಲಿ ಎಂದರು. ಅಪ್ಪ ಮಾತ್ರ, “ನಿನ್ನೆ ಇಡೀ ದಿನ ತೋಟ ಸುತ್ತಿದವನಿಗೆ ಇವತ್ತು ತಲೆನೋವಾ? ಏಳು, ಶಾಲೆಗೆ ಹೊರಡು” ಎಂದು ಗದರಿದರು. ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ನಾರಾಯಣರ ಕಥೆಯೊಂದರಲ್ಲಿ ಸ್ವಾಮಿ ಎಂಬ ಹುಡುಗ ಸೋಮವಾರವೆಂದು ನೆನಪಾಗಿ ಹಾಸಿಗೆಯಲ್ಲೇ ನಡುಗಿ ತಲೆನೋವೆನ್ನುತ್ತಾನೆ. ತಾಯಿ ಒಪ್ಪುತ್ತಾಳೆ, ತಂದೆ ಭಾನುವಾರದ ಅಲೆದಾಟವನ್ನು ಎತ್ತಿ ಆಡಿ ಶಾಲೆಗೆ ಅಟ್ಟುತ್ತಾನೆ.

ಆದರೆ ಸ್ವಾಮಿಗೆ ಇಲ್ಲದ ಒಂದು ಅದೃಷ್ಟ ಈ ಮಲೆನಾಡಿನ ಹುಡುಗನಿಗಿತ್ತು. ಅವನು ಮುಖ ಊದಿಸಿಕೊಂಡು ಸಮವಸ್ತ್ರದ ಗುಂಡಿ ಹಾಕುತ್ತಿರುವಾಗಲೇ, ಭಾರಿ ಮಳೆಯ ಕಾರಣ ಶಾಲೆಗಳಿಗೆ ರಜೆ ಎಂಬ ಸಂದೇಶ ಅಪ್ಪನ ಫೋನಿಗೆ ಬಂತು. ತಲೆನೋವು ಆ ಕ್ಷಣವೇ ಮಾಯವಾಯಿತು. ಒಳಗಿನಿಂದ ಅಜ್ಜಿ, “ಶುಂಠಿ ಕಷಾಯ ಕುದೀತಾ ಇದೆ, ತಲೆನೋವಿನವ ಕುಡಿದೇ ಹೋಗ್ಬೇಕು” ಎಂದು ಕೂಗಿದಾಗ ನಾವೆಲ್ಲ ಮನಸಾರೆ ನಕ್ಕೆವು. ಆ ಹುಡುಗ ನಾರಾಯಣರ ಒಂದು ಸಾಲನ್ನೂ ಓದಿದವನಲ್ಲ. ತನ್ನೂರಿನಲ್ಲಿ ಹಿಂದೆ ಶೂಟಿಂಗ್ ಆಗಿತ್ತೆಂದಷ್ಟೇ ಅವನಿಗೆ ಗೊತ್ತು.

ಕಷಾಯ ಮುಗಿಸಿ ಬಂದವನು ಹಳೆಯ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ದೋಣಿ ಮಾಡಿ, ಅಂಗಳದಂಚಿನ ಚರಂಡಿಯಲ್ಲಿ ತೇಲಿಬಿಟ್ಟ. ದೋಣಿ ಅಡಿಕೆ ಸೋಗೆಯೊಂದಕ್ಕೆ ತಗುಲಿ ನಿಂತಾಗ ಅದರಿಂದ ಕಪ್ಪು ಇರುವೆಯೊಂದು ತಾನಾಗಿ ದೋಣಿಗೆ ಇಳಿಯಿತು. ನನಗೆ ಮಾತೇ ಹೊರಡಲಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಸ್ವಾಮಿ ಕಾಗದದ ದೋಣಿಯಲ್ಲಿ ಇರುವೆಯನ್ನು ಕೂರಿಸಿ ಚರಂಡಿಯಲ್ಲಿ ಬಿಡುತ್ತಾನೆ. ದೋಣಿ ಮುಳುಗಿದಾಗ ಆ ಇರುವೆಯ ಆತ್ಮಕ್ಕಾಗಿ ಪ್ರಾರ್ಥಿಸುತ್ತಾನೆ.

“ಅಯ್ಯೋ, ಇರುವೆ ಇದೆ ಮಾಮಾ!” ಎಂದವನೇ ಹುಡುಗ ಮೊಣಕಾಲುದ್ದ ನೀರಿಗೆ ಇಳಿದು, ಒದ್ದೆಯಾಗಿ ಬಾಗುತ್ತಿದ್ದ ದೋಣಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಜಗಲಿಯ ಕಟ್ಟೆಯ ಮೇಲಿಟ್ಟ. ಇರುವೆ ಸ್ವಲ್ಪ ಹೊತ್ತು ಅಲ್ಲೇ ಮೀಸೆ ಒರೆಸಿಕೊಂಡು, ಅಳಿಸಿಹೋಗಿದ್ದ ಗುಣಾಕಾರದ ಅಂಕಿಗಳನ್ನು ದಾಟಿ ಗೋಡೆ ಹತ್ತಿತು.